ಸಿಡಿ ಚೆನ್ನಾಗಿ ಕೇಳಿಸುತ್ತದೆ, ಅದರ ರಿಪ್ ಸಪ್ಪೆ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಸಿಡಿ ಪ್ಲೇಯರ್‌ನಲ್ಲಿ ಹಾಕಿದರೆ ಹಾಡು ತುಂಬಿಕೊಂಡು ಕೇಳಿಸುತ್ತದೆ. ಅದೇ ಸಿಡಿಯನ್ನು ಕಂಪ್ಯೂಟರ್‌ಗೆ ರಿಪ್ ಮಾಡಿ, ಅಂದರೆ ಹಾಡುಗಳನ್ನು ಫೈಲಾಗಿ ತೆಗೆದುಕೊಂಡು, ಕೇಳಿದರೆ ಸಪ್ಪೆ. ಈ ದೂರಿಗೆ ಎರಡು ಸಿದ್ಧ ಉತ್ತರಗಳಿವೆ. "ಬಿಟ್ ಅಂದರೆ ಬಿಟ್, ವ್ಯತ್ಯಾಸ ಬರೀ ಭ್ರಮೆ" ಅನ್ನುವವರು ಒಂದು ಕಡೆ. "ರಿಪ್ ಮಾಡಿದರೆ ಹಾಡಿನ ಜೀವವೇ ಹೋಗುತ್ತದೆ" ಅನ್ನುವವರು ಇನ್ನೊಂದು ಕಡೆ. ಇವೆರಡರಿಂದಲೂ ದೂರು ಕೊಟ್ಟವರಿಗೆ ಉಪಯೋಗವಿಲ್ಲ. ಅವರಿಗೆ ವ್ಯತ್ಯಾಸ ನಿಜವಾಗಿಯೂ ಕೇಳಿಸಿರುತ್ತದೆ, ಅದಕ್ಕೊಂದು ಕಾರಣವೂ ಇರುತ್ತದೆ. ನಾನು ನೋಡಿದ ಮಟ್ಟಿಗೆ ಆ ಕಾರಣ ಫೈಲ್‌ನಲ್ಲಿ ಸಿಗುವುದು ಅಪರೂಪ. ಫೈಲನ್ನು ನುಡಿಸುವ ದಾರಿಯಲ್ಲಿ ಸಿಗುವುದೇ ಜಾಸ್ತಿ.

ಡಿಸ್ಕ್‌ನಿಂದ ಕಿವಿಗೆ ಬರುವಷ್ಟರಲ್ಲಿ ಮೂರು ಕೆಲಸ ನಡೆಯುತ್ತವೆ. ಡ್ರೈವ್ ಡಿಸ್ಕನ್ನು ಓದುತ್ತದೆ. ಓದಿದ್ದು ಯಾವುದೋ ಒಂದು ರೂಪದ ಫೈಲ್ ಆಗುತ್ತದೆ. ಆ ಫೈಲನ್ನು ಯಾವುದೋ ಸಾಫ್ಟ್‌ವೇರ್ ಮತ್ತು ಯಾವುದೋ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಸೇರಿ ಸದ್ದಾಗಿ ಮಾಡುತ್ತವೆ. ಈ ಮೂರರಲ್ಲಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುವ ತನಕ ಕೇಬಲ್ ಬದಲಿಸಬೇಡಿ, ಹೊಸ ಡ್ಯಾಕ್ ಕೊಳ್ಳಬೇಡಿ, ನೂರಾರು ಸಿಡಿಗಳನ್ನು ಮತ್ತೆ ರಿಪ್ ಮಾಡಲು ಕೂರಬೇಡಿ.

ಡಿಸ್ಕ್‌ನಲ್ಲಿ ಇರುವುದೇನು

1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಸಿಡಿಯ ನಿಯಮಗಳನ್ನು ಬರೆದರು. ಅದಕ್ಕೆ ರೆಡ್ ಬುಕ್ ಅಂತ ಹೆಸರು. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), ಪ್ರತಿಯೊಂದೂ 16 ಬಿಟ್, ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಸೆಕೆಂಡಿನ ಈ ಮಾಹಿತಿ 75 ಸೆಕ್ಟರ್ ಎಂಬ ತುಂಡುಗಳಾಗಿ ಹಂಚಿಹೋಗಿರುತ್ತದೆ, ಒಂದೊಂದರಲ್ಲೂ 2,352 ಬೈಟ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಡೇಟಾ ಸಿಡಿಯಲ್ಲೂ ಸೆಕ್ಟರ್ ಇಷ್ಟೇ ದೊಡ್ಡದು. ಆದರೆ ಅದರಲ್ಲಿ ಫೈಲ್‌ಗೆ ಸಿಗುವುದು 2,048 ಬೈಟ್ ಮಾತ್ರ. ಮಿಕ್ಕ ಜಾಗ ವಿಳಾಸಕ್ಕೆ ಮತ್ತು ಇನ್ನೊಂದು ಸುತ್ತಿನ ತಪ್ಪು ತಿದ್ದುವಿಕೆಗೆ ಹೋಗುತ್ತದೆ. ಆಡಿಯೋ ಸಿಡಿಯಲ್ಲಿ ಆ ಎರಡನೇ ಸುತ್ತು ಇಲ್ಲ. ಮೊದಲ ಸುತ್ತಿನ, ರೀಡ್-ಸಾಲೊಮನ್ ಎಂಬ ಗಣಿತ ವಿಧಾನದ ತಿದ್ದುಪಡಿ ಗಟ್ಟಿಯಾದದ್ದೇ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಪೂರ್ತಿ ಹಾಳಾಗಿದ್ದರೂ ಅದು ಬಿಟ್‌ಗಳನ್ನು ಇದ್ದ ಹಾಗೇ ವಾಪಸ್ ಕೊಡಬಲ್ಲದು. ಅದಕ್ಕೂ ಮೀರಿದರೆ ಮಾತ್ರ ಪ್ಲೇಯರ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಮಧ್ಯದ್ದನ್ನು ಊಹಿಸುತ್ತದೆ. ಊಹಿಸಿದೆ ಅಂತ ಪ್ಲೇಯರ್ ಯಾರಿಗೂ ಹೇಳುವುದಿಲ್ಲ. ಹಾಗಾಗಿ "ಸಿಡಿ ಮೂಲ, ರಿಪ್ ನಕಲು" ಅನ್ನುವ ಲೆಕ್ಕ ಸರಿಯಲ್ಲ. ಪ್ಲೇಯರ್ ಮಾಡುವುದೂ ಒಂದು ಓದು, ರಿಪ್ ಮಾಡುವುದೂ ಒಂದು ಓದು. ಒಳ್ಳೆಯ ರಿಪ್ ಪ್ರೋಗ್ರಾಂಗೆ ಒಂದೇ ಜಾಗವನ್ನು ಮತ್ತೆ ಮತ್ತೆ ಓದುವಷ್ಟು ಸಮಯ ಇರುತ್ತದೆ. ಹಾಡು ಓಡುತ್ತಿರುವಾಗ ಸಿಡಿ ಪ್ಲೇಯರ್‌ಗೆ ಅಷ್ಟು ಸಮಯ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು ವಾಲ್ಯೂಮ್

ಇದನ್ನು ದಯವಿಟ್ಟು ಬಿಡಬೇಡಿ. ಎರಡು ಸದ್ದುಗಳಲ್ಲಿ ಒಂದು ಒಂಚೂರು ಜೋರಾಗಿದ್ದರೆ ಕಿವಿ ಅದನ್ನು "ಜೋರು" ಅಂತ ಗುರುತಿಸುವುದಿಲ್ಲ. "ತುಂಬಿದೆ", "ಸ್ಪಷ್ಟ ಇದೆ", "ಬೇಸ್ ಚೆನ್ನಾಗಿದೆ" ಅಂತ ಗುರುತಿಸುತ್ತದೆ. ಒಂದು ಡೆಸಿಬಲ್ ವ್ಯತ್ಯಾಸ ಸಾಕು. ಸಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ ಗರಿಷ್ಠ 2 ವೋಲ್ಟ್ ಹೊರಗೆ ಕೊಡುತ್ತವೆ. ಲ್ಯಾಪ್‌ಟಾಪ್, ಫೋನ್‌ಗಳ ಹೆಡ್‌ಫೋನ್ ಔಟ್ ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ಅರ್ಧ ಅಂದರೆ 6 ಡೆಸಿಬಲ್ ಕಡಿಮೆ. ಆಂಪ್ಲಿಫೈಯರ್‌ನ ಗುಂಡಿ ಮುಟ್ಟದೆ ಇನ್‌ಪುಟ್ ಮಾತ್ರ ಬದಲಿಸಿ ಹೋಲಿಸಿದರೆ ಸಿಡಿ ಗೆದ್ದೇ ಗೆಲ್ಲುತ್ತದೆ.

ಕಿವಿಯಲ್ಲಿ ವಾಲ್ಯೂಮ್ ಸಮ ಮಾಡಲು ಹೋಗಬೇಡಿ, ಅಷ್ಟು ನಿಖರವಾಗಿ ಆಗುವುದಿಲ್ಲ. ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಹೀಗೆ ಮಾಡಿ. ಆಡಾಸಿಟಿ ಎಂಬ ಉಚಿತ ಆಡಿಯೋ ಪ್ರೋಗ್ರಾಂನಲ್ಲಿ 100 ಹರ್ಟ್ಜ್‌ನ ಸೈನ್ ಟೋನ್ (ಒಂದೇ ಸಮನಾದ ಶುದ್ಧ ಸದ್ದು) ಮಾಡಿ, ಆಂಪ್ಲಿಟ್ಯೂಡ್ 0.5 ಇಡಿ, ಸ್ಯಾಂಪಲ್ ದರ 44,100 ಇಡಿ, 16 ಬಿಟ್ ವೇವ್ (ಕುಗ್ಗಿಸದ) ಫೈಲಾಗಿ ಉಳಿಸಿ. ಅದನ್ನೇ ಖಾಲಿ ಸಿಡಿಗೆ ಆಡಿಯೋ ಡಿಸ್ಕ್ ಆಗಿ ಬರ್ನ್ ಮಾಡಿ. ಈಗ ಒಂದೇ ಟೋನ್ ಎರಡೂ ಕಡೆ ಇದೆ. ಆಂಪ್ಲಿಫೈಯರ್ ಸಣ್ಣ ವಾಲ್ಯೂಮ್‌ನಲ್ಲಿರಲಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. ಮೀಟರ್‌ನ ತಂತಿಗಳ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ತಾಗಿದರೆ ಆಂಪ್ಲಿಫೈಯರ್‌ಗೆ ಪೆಟ್ಟು. ಸಿಡಿಯಿಂದ 1.00 ವೋಲ್ಟ್ ಬಂದು ಕಂಪ್ಯೂಟರ್‌ನಿಂದ 0.80 ಬಂದರೆ ವ್ಯತ್ಯಾಸ ಸುಮಾರು 2 ಡೆಸಿಬಲ್. ಅಷ್ಟು ವ್ಯತ್ಯಾಸ ಇಟ್ಟುಕೊಂಡು ಮಾಡಿದ ಹೋಲಿಕೆಗೆ ಬೆಲೆಯೇ ಇಲ್ಲ. 0.99ರ ಹತ್ತಿರ ತಂದುಕೊಳ್ಳಿ, ಆಗ ವ್ಯತ್ಯಾಸ ಒಂದು ಡೆಸಿಬಲ್‌ನ ಹತ್ತನೇ ಒಂದು ಭಾಗದೊಳಗೆ ಬಂದಿರುತ್ತದೆ. ಸಾವಿರ ಹರ್ಟ್ಜ್ ಬಿಟ್ಟು 100 ಯಾಕೆ ಅಂದರೆ, ಅಗ್ಗದ ಮೀಟರ್‌ಗಳು ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ಸರಿಯಾಗಿ ಅಳೆಯುವುದಿಲ್ಲ. ವಿದ್ಯುತ್ತಿನ 50ರ ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದೂ ಲೆಕ್ಕದಲ್ಲಿ ಸೇರಿಬಿಡಬಹುದು.

ಗುಂಡಿಯಲ್ಲಿ ಕಾಣದ ವಾಲ್ಯೂಮ್ ಇನ್ನೊಂದಿದೆ: ರೀಪ್ಲೇಗೇನ್. ಎಲ್ಲ ಆಲ್ಬಂಗಳೂ ಒಂದೇ ಮಟ್ಟದಲ್ಲಿ ಕೇಳಿಸಲಿ ಅಂತ ಪ್ಲೇಯರ್ ಸಾಫ್ಟ್‌ವೇರ್ ಫೈಲ್‌ನ ಟ್ಯಾಗ್ (ಜೊತೆಗೆ ಬರೆದಿಟ್ಟ ಟಿಪ್ಪಣಿ) ನೋಡಿ ವಾಲ್ಯೂಮ್ ಇಳಿಸುತ್ತದೆ. ಇತ್ತೀಚಿನ ಜೋರು ಆಲ್ಬಂಗಳಿಗೆ 8 ಡೆಸಿಬಲ್ ಇಳಿಯುವುದು ಮಾಮೂಲು. ಫೈಲ್ ಮುಟ್ಟಿಲ್ಲ, ಬಿಟ್ ಕಳೆದುಹೋಗಿಲ್ಲ, ಆದರೂ ಹಾಡು ಹಿಂದೆ ಸರಿದ ಹಾಗೆ ಇರುತ್ತದೆ. ಫೋನ್ ಆ್ಯಪ್‌ಗಳಲ್ಲಿ ಇದೇ ಕೆಲಸ "ನಾರ್ಮಲೈಸ್", "ಸೌಂಡ್ ಚೆಕ್" ಅನ್ನುವ ಹೆಸರುಗಳಲ್ಲಿ ಇರುತ್ತದೆ. ಹೋಲಿಕೆ ಮಾಡುವಾಗ ಆಫ್ ಮಾಡಿ. ಮುಗಿದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ, ಅದು ಒಳ್ಳೆಯ ಸೌಲಭ್ಯವೇ.

"ಫ್ಲ್ಯಾಕ್‌ಗಿಂತ ವೇವ್ ಚೆನ್ನಾಗಿ ಕೇಳಿಸುತ್ತದೆ" ಅನ್ನುವ ಮಾತಿಗೂ ಹಲವು ಸಲ ಇದೇ ಮೂಲ. ಫ್ಲ್ಯಾಕ್ ಅಂದರೆ ಏನೂ ಕಳೆಯದೆ ಕುಗ್ಗಿಸಿದ ಫೈಲ್, ಅದರಲ್ಲಿ ರೀಪ್ಲೇಗೇನ್ ಟ್ಯಾಗ್ ಕೂತಿರುತ್ತದೆ. ವೇವ್‌ಗೆ ಸಾಮಾನ್ಯವಾಗಿ ಟ್ಯಾಗ್ ಇರುವುದಿಲ್ಲ, ಹಾಗಾಗಿ ಅದರ ವಾಲ್ಯೂಮ್ ಇಳಿಯುವುದಿಲ್ಲ. ಕೇಳುವವರಿಗೆ ವೇವ್ ಜೋರು, ಅಂದರೆ "ಚೆನ್ನಾಗಿದೆ". ಟ್ಯಾಗ್ ತೆಗೆದು ಕೇಳಿದರೆ ವಾದವೇ ಉಳಿಯುವುದಿಲ್ಲ.

ದಾರಿ ಅದಲುಬದಲು ಮಾಡುವುದು

ವಾಲ್ಯೂಮ್ ಸಮ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ ಮುಂದಿನ ಪ್ರಶ್ನೆ: ತಪ್ಪು ಫೈಲ್‌ನದೋ, ಅದನ್ನು ನುಡಿಸುವ ಸಾಧನದ್ದೋ? ಇದನ್ನು ಒಂದೇ ಪರೀಕ್ಷೆಯಲ್ಲಿ ಬೇರೆ ಮಾಡಬಹುದು. ರಿಪ್ ಮಾಡಿದ ಫೈಲನ್ನೇ ವಾಪಸ್ ಖಾಲಿ ಸಿಡಿಗೆ ಬರ್ನ್ ಮಾಡಿ, ಅದೇ ಸಿಡಿ ಪ್ಲೇಯರ್‌ಗೆ ಹಾಕಿ. ಮೂಲ ಡಿಸ್ಕ್‌ನಷ್ಟೇ ಚೆನ್ನಾಗಿ ಕೇಳಿಸಿದರೆ ಫೈಲ್ ನಿರಪರಾಧಿ. ಇನ್ನು ಮುಂದೆ ಕಂಪ್ಯೂಟರ್, ಫೋನ್, ಡ್ಯಾಕ್, ಸೆಟ್ಟಿಂಗ್ ಕಡೆ ಮಾತ್ರ ನೋಡಿದರೆ ಸಾಕು. ಬರ್ನ್ ಮಾಡಿದ ಡಿಸ್ಕ್ ಕೂಡ ಸಪ್ಪೆಯಾಗಿದ್ದರೆ ಫೈಲ್‌ನಲ್ಲೇ ಏನೋ ಆಗಿದೆ. ಹಳೆಯ ಕೆಲವು ಪ್ಲೇಯರ್‌ಗಳು ಬರ್ನ್ ಮಾಡಿದ ಡಿಸ್ಕ್ ಓದಲು ಒದ್ದಾಡುತ್ತವೆ. ಅಂಥ ಕಡೆ ಸಿಡಿ ಪ್ಲೇಯರ್‌ನ ಡಿಜಿಟಲ್ ಔಟ್ ಮತ್ತು ಕಂಪ್ಯೂಟರ್‌ನ ಔಟ್ ಎರಡನ್ನೂ ಒಂದೇ ಡ್ಯಾಕ್‌ಗೆ ಕೊಟ್ಟು ನೋಡಿ. ಡ್ಯಾಕ್ ಒಂದೇ ಆದ ಕೂಡಲೇ ವ್ಯತ್ಯಾಸ ಮಾಯವಾದರೆ, ಅಷ್ಟು ದಿನ ಹೋಲಿಸಿದ್ದು ಸಿಡಿಯನ್ನೂ ರಿಪ್ಪನ್ನೂ ಅಲ್ಲ, ಎರಡು ಡ್ಯಾಕ್‌ಗಳನ್ನು.

ಫೈಲ್ ಯಾವ ರೂಪದ್ದು

ಇದು ಬೇಗ ಮುಗಿಯುವ ತಪಾಸಣೆ. 4 ನಿಮಿಷದ ಹಾಡು ವೇವ್ ಆಗಿ ಸುಮಾರು 42 ಎಂಬಿ ಇರಬೇಕು. ಫ್ಲ್ಯಾಕ್ ಅಥವಾ ಆಪಲ್ ಲಾಸ್‌ಲೆಸ್ ಆಗಿ ಸಾಮಾನ್ಯವಾಗಿ 20ರಿಂದ 30 ಎಂಬಿ. 4 ಎಂಬಿ ಕೂಡ ಇಲ್ಲ ಅಂದರೆ ಅದು 128 ಕಿಲೋಬಿಟ್‌ನ ಎಂಪಿ3 ಅಥವಾ ಅದರ ಬಳಗ. ಹಳೆಯ ರಿಪ್ ಸಾಫ್ಟ್‌ವೇರ್‌ಗಳಲ್ಲಿ ನಾವು ಆಯ್ಕೆ ಬದಲಿಸದಿದ್ದರೆ ಇಂಥ ಸಣ್ಣ ಫೈಲೇ ಬರುತ್ತಿತ್ತು. ಆಗ ಹಾರ್ಡ್ ಡಿಸ್ಕ್ ಸಣ್ಣದಿತ್ತು, ಅದು ಅರ್ಥವಾಗುವ ವಿಷಯ. ಆದರೆ ಆ ಕಾಲದ ರಿಪ್‌ಗಳು ಇವತ್ತಿಗೂ ಸಂಗ್ರಹದಲ್ಲಿ ಕೂತಿರುತ್ತವೆ. 128ರಲ್ಲಿ ತಾಳದ ತಟ್ಟೆಯ ಸದ್ದು ನೀರಿನಲ್ಲಿ ಅಲುಗಾಡಿದ ಹಾಗೆ ಕೇಳಿಸುತ್ತದೆ, ಚಪ್ಪಾಳೆ ಮುದ್ದೆಯಾಗುತ್ತದೆ.

ಫೈಲ್ ಫ್ಲ್ಯಾಕ್ ಅಂತ ಹೆಸರಿದ್ದ ಮಾತ್ರಕ್ಕೆ ಒಳಗಿನದ್ದು ಸಿಡಿಯದೇ ಆಗಿರಬೇಕಿಲ್ಲ. ಎಂಪಿ3ಯನ್ನು ಯಾರಾದರೂ ಫ್ಲ್ಯಾಕ್‌ಗೆ ಬದಲಿಸಿದ್ದರೆ ಗಾತ್ರ ದೊಡ್ಡದಾಗುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ. ಯಾವ ಎತ್ತರದ ಸ್ವರ ಎಷ್ಟಿದೆ ಅಂತ ಚಿತ್ರದಲ್ಲಿ ತೋರಿಸುವ ಸ್ಪೆಕ್ ಎಂಬ ಸಣ್ಣ ಪ್ರೋಗ್ರಾಂನಲ್ಲಿ ಫೈಲ್ ತೆರೆದು ನೋಡಿ. 16 ಕಿಲೋಹರ್ಟ್ಜ್ ಮೇಲೆ ಕತ್ತರಿ ಹಾಕಿದ ಹಾಗೆ ನೇರ ಗೆರೆಯಲ್ಲಿ ಎಲ್ಲ ಕಪ್ಪಾಗಿದ್ದರೆ ಅನುಮಾನ ಪಡಿ. ತೀರ್ಪು ಕೊಡಲು ಮಾತ್ರ ಆತುರ ಬೇಡ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಮೂಲದಲ್ಲೇ ಮೇಲಿನ ಸ್ವರಗಳು ಕಡಿಮೆ ಇರಬಹುದು. ಅಲ್ಲಿ ಕತ್ತಲೆ ನಿಧಾನಕ್ಕೆ ಆವರಿಸುತ್ತದೆ, ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ಕೈಯಲ್ಲಿ ಡಿಸ್ಕ್ ಇದ್ದರೆ ಈ ಗೊಂದಲವೇ ಬೇಡ, ಮತ್ತೆ ರಿಪ್ ಮಾಡಿ ಎರಡನ್ನೂ ಪಕ್ಕಪಕ್ಕ ನೋಡಿ.

ಇನ್ನೊಂದು ಮಾತು. ನಿಮ್ಮ ಸಿಡಿ ಮತ್ತು ಎಲ್ಲಿಂದಲೋ ಬಂದ ಫೈಲ್ ಒಂದೇ ಆಲ್ಬಂ ಆಗಿದ್ದರೂ ಒಂದೇ ಮಾಸ್ಟರ್ (ಅಚ್ಚಿಗೆ ಸಿದ್ಧ ಮಾಡಿದ ಅಂತಿಮ ಪ್ರತಿ) ಆಗಿರಬೇಕಿಲ್ಲ. ರೀಮಾಸ್ಟರ್ ಆದ ಆವೃತ್ತಿಯನ್ನು ಜೋರು ಮಾಡಿರುತ್ತಾರೆ, ಬೇಸ್ ತಿದ್ದಿರುತ್ತಾರೆ. ಹೋಲಿಕೆಗೆ ಆ ಡಿಸ್ಕ್‌ನಿಂದಲೇ ತೆಗೆದ ರಿಪ್ ಬೇಕು.

ಓದು ಸರಿಯಾಗಿತ್ತೇ: ಲಾಗ್ ನೋಡಿ

ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್, ಈ ರಿಪ್ ಪ್ರೋಗ್ರಾಂಗಳು ಕೆಲಸ ಮುಗಿದ ಮೇಲೆ ಒಂದು ಲಾಗ್, ಅಂದರೆ ವರದಿ, ಬರೆದಿಡುತ್ತವೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಎಕ್ಸಾಕ್ಟ್ ಆಡಿಯೋ ಕಾಪಿಯ ಲಾಗ್‌ನಲ್ಲಿ ಒಂದು ಟ್ರ್ಯಾಕ್ ಕೆಳಗೆ "ಟ್ರ್ಯಾಕ್ ಕ್ವಾಲಿಟಿ 99.8%" ಅಂತ ಇದೆ ಅಂದುಕೊಳ್ಳಿ. 0.2% ಹಾಡು ಹಾಳಾಗಿದೆ ಅಂತ ಇದರ ಅರ್ಥ ಅಲ್ಲ. ಕೆಲವು ಜಾಗಗಳನ್ನು ಮತ್ತೆ ಓದಬೇಕಾಯಿತು ಅಂತ ಮಾತ್ರ. ಸೆಕ್ಯೂರ್ ಮೋಡ್‌ನಲ್ಲಿ ಈ ಪ್ರೋಗ್ರಾಂ ಪ್ರತಿ ಸೆಕ್ಟರನ್ನು ಕನಿಷ್ಠ ಎರಡು ಸಲ ಓದುತ್ತದೆ. ಎರಡೂ ಹೊಂದದಿದ್ದರೆ 16 ಸಲದ ಸರಣಿ ಶುರುವಾಗುತ್ತದೆ, ಅದರಲ್ಲಿ 8 ಒಂದೇ ಥರ ಬಂದರೆ ಒಪ್ಪಿಕೊಳ್ಳುತ್ತದೆ. ತೀರಾ ಕೆಟ್ಟ ಜಾಗವನ್ನು 82 ಸಲದವರೆಗೂ ಓದುತ್ತದೆ. ಅಲ್ಲಿಗೂ ಒಪ್ಪಿಗೆ ಸಿಗದಿದ್ದರೆ "ಸಸ್ಪಿಶಸ್ ಪೊಸಿಶನ್" ಅಂತ ಬರೆದು ನಿಮಿಷ, ಸೆಕೆಂಡ್ ಕೊಡುತ್ತದೆ. ಆ ಜಾಗಕ್ಕೆ ನೇರ ಹೋಗಿ ಕೇಳಿ. ಟಿಕ್ ಅನ್ನುವ ಸದ್ದೋ, ಒಂದು ಕ್ಷಣ ಮಸುಕೋ ಅಲ್ಲೇ ಸಿಗುತ್ತದೆ.

ಅದರ ಕೆಳಗೆ ಟೆಸ್ಟ್ ಸಿಆರ್‌ಸಿ, ಕಾಪಿ ಸಿಆರ್‌ಸಿ ಅಂತ ಎರಡು ಇರುತ್ತವೆ, ಓದಿದ ಬಿಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆಗಳು. ಅವೆರಡೂ ಹೊಂದಿದರೆ, ಎರಡು ಸಲ ಪೂರ್ತಿ ಓದಿದಾಗಲೂ ಒಂದೇ ಉತ್ತರ ಬಂತು ಅನ್ನುವುದಕ್ಕೆ ಅದು ಪುರಾವೆ. ಆದರೆ ಡ್ರೈವ್ ಎರಡು ಸಲವೂ ಒಂದೇ ತಪ್ಪು ಮಾಡಿರಬಹುದಲ್ವಾ? ಅದಕ್ಕೇ ಆಕ್ಯುರೇಟ್‌ರಿಪ್ ಎಂಬ ಆನ್‌ಲೈನ್ ದಾಖಲೆ ಇದೆ. ಇದೇ ಸಿಡಿಯನ್ನು ಬೇರೆಯವರು ತಮ್ಮ ಡ್ರೈವ್‌ನಲ್ಲಿ ರಿಪ್ ಮಾಡಿದಾಗ ಬಂದ ಲೆಕ್ಕವನ್ನು ಅದು ಇಟ್ಟುಕೊಂಡಿರುತ್ತದೆ. "ಕಾನ್ಫಿಡೆನ್ಸ್ 12" ಅಂದರೆ ನಿಮ್ಮದಕ್ಕೆ ಹೊಂದುವ ಲೆಕ್ಕ 12 ಸಲ ದಾಖಲಾಗಿದೆ. ಬೇರೆ ಬೇರೆ ಗೀರು ಬಿದ್ದ ಡಿಸ್ಕ್‌ಗಳು, ಬೇರೆ ಬೇರೆ ಡ್ರೈವ್‌ಗಳು ಕಾಕತಾಳೀಯವಾಗಿ ಒಂದೇ ತಪ್ಪು ಮಾಡುವುದು ಆಗದ ಮಾತು. ಅದು ಹೊಂದಿದರೆ ಓದಿನ ಬಗ್ಗೆ ಚಿಂತೆ ಬಿಡಿ. ಹೊಂದದಿದ್ದರೆ ತಕ್ಷಣ ಗಾಬರಿಯೂ ಬೇಡ. ಒಂದೇ ಆಲ್ಬಂ ಬೇರೆ ಬೇರೆ ಕಾಲಕ್ಕೆ ಅಚ್ಚಾದಾಗ ಲೆಕ್ಕ ಬೇರೆ ಬರಬಹುದು. ಡ್ರೈವ್‌ನ ರೀಡ್ ಆಫ್‌ಸೆಟ್ ಸರಿಯಾಗಿ ತುಂಬಿರದಿದ್ದರೂ ಹೀಗಾಗುತ್ತದೆ.

ಆಫ್‌ಸೆಟ್ ಬಗ್ಗೆ ಭಯ ಜಾಸ್ತಿ, ವಿಷಯ ಸಣ್ಣದು. ಆಡಿಯೋ ಸೆಕ್ಟರ್‌ನಲ್ಲಿ ಡೇಟಾ ಸೆಕ್ಟರ್‌ನ ಹಾಗೆ ನಿಖರ ವಿಳಾಸ ಇಲ್ಲ. ಹಾಗಾಗಿ ಪ್ರತಿ ಮಾದರಿಯ ಡ್ರೈವ್ ಇಷ್ಟು ಸ್ಯಾಂಪಲ್ ಹಿಂದೆ ಅಥವಾ ಮುಂದೆ ಓದುತ್ತದೆ, ಪ್ರತಿ ಸಲ ಅಷ್ಟೇ. ಒಂದು ಡ್ರೈವ್‌ಗೆ 6, ಇನ್ನೊಂದಕ್ಕೆ 667. ಇವೆರಡರ ನಡುವಿನ ಅಂತರ 661 ಸ್ಯಾಂಪಲ್, ಅಂದರೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ 15. ಹಾಡು ಅಷ್ಟು ಸರಿಯುತ್ತದೆಯೇ ಹೊರತು ಸದ್ದಿನ ಗುಣ ಬದಲಾಗುವುದಿಲ್ಲ.

ಕಳೆದು ನೋಡುವುದು

ವಾದ ನಿಲ್ಲಿಸುವ ಪರೀಕ್ಷೆ ಇದು. ನನಗೆ ತುಂಬಾ ಇಷ್ಟವಾದದ್ದೂ ಹೌದು, ಯಾಕೆಂದರೆ ತಪ್ಪು ಇದ್ದರೆ ಅದು ಯಾವ ಥರದ್ದು ಅಂತಲೂ ಹೇಳುತ್ತದೆ.

ಸಿಡಿ ಪ್ಲೇಯರ್‌ನ ಡಿಜಿಟಲ್ ಔಟ್ ಅನ್ನು ಕಂಪ್ಯೂಟರ್‌ನ ಡಿಜಿಟಲ್ ಇನ್‌ಪುಟ್‌ಗೆ ಕೊಟ್ಟು ಒಂದು ಟ್ರ್ಯಾಕ್ ರೆಕಾರ್ಡ್ ಮಾಡಿ. ರೆಕಾರ್ಡ್ ಮಾಡುವ ಕಡೆ 44.1 ಕಿಲೋಹರ್ಟ್ಜ್ ಇರಬೇಕು, ವಾಲ್ಯೂಮ್ ಮುಟ್ಟಬಾರದು, ಗಡಿಯಾರ ಒಳಬರುವ ಸಿಗ್ನಲ್‌ಗೇ ಲಾಕ್ ಆಗಿರಬೇಕು. ಅನಲಾಗ್ ಔಟ್‌ನಿಂದ ರೆಕಾರ್ಡ್ ಮಾಡಿದರೆ ಎರಡು ಗಡಿಯಾರಗಳು ನಿಧಾನಕ್ಕೆ ಬೇರೆಯಾಗುತ್ತವೆ, ಪರೀಕ್ಷೆ ಕೆಡುತ್ತದೆ. ಈಗ ಆ ರೆಕಾರ್ಡಿಂಗ್ ಮತ್ತು ರಿಪ್ ಫೈಲ್ ಎರಡನ್ನೂ ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ತೆರೆಯಿರಿ. ಒಂದೊಂದು ಸ್ಯಾಂಪಲ್ ಚುಕ್ಕಿಯಾಗಿ ಕಾಣುವ ತನಕ ಜೂಮ್ ಮಾಡಿ, ಒಂದೇ ಏರಿಳಿತ ಹುಡುಕಿ, ಎರಡನ್ನೂ ಒಂದೇ ಸ್ಯಾಂಪಲ್‌ಗೆ ಕೂರಿಸಿ. ಒಂದನ್ನು ಇನ್ವರ್ಟ್ ಮಾಡಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ. ಎರಡನ್ನೂ ಮಿಕ್ಸ್ ಮಾಡಿ ಒಂದು ಟ್ರ್ಯಾಕ್ ಮಾಡಿ.

ಎರಡೂ ಒಂದೇ ಆಗಿದ್ದರೆ ಉಳಿಯುವುದು ಚಪ್ಪಟೆ ಗೆರೆ. ಸದ್ದಿಲ್ಲ. ವಾಲ್ಯೂಮ್ ಎಷ್ಟು ಏರಿಸಿದರೂ ಏನೂ ಇಲ್ಲ. ಪ್ಲೇಯರ್ ಓದಿದ್ದೂ ರಿಪ್ ಓದಿದ್ದೂ ಒಂದೇ ಅಂತ ಅಲ್ಲಿಗೆ ತೀರ್ಮಾನ.

ಗೆರೆ ಚಪ್ಪಟೆ ಇಲ್ಲದಿದ್ದರೆ ಉಳಿದದ್ದನ್ನು ಕೇಳಿ. ಪೂರ್ತಿ ಹಾಡು ಸಣ್ಣಗೆ, ಸಹಜವಾಗಿ ಕೇಳಿಸಿದರೆ ಮಟ್ಟದ ವ್ಯತ್ಯಾಸ, ಅಂದರೆ ಯಾರೋ ನಾರ್ಮಲೈಸ್ ಮಾಡಿದ್ದಾರೆ. ಒಂದು ಡೆಸಿಬಲ್ ವ್ಯತ್ಯಾಸ ಇದ್ದರೆ ಉಳಿಯುವ ಹಾಡು ಮೂಲಕ್ಕಿಂತ ಸುಮಾರು 19 ಡೆಸಿಬಲ್ ಕೆಳಗಿರುತ್ತದೆ. ಬೇಸ್ ಇಲ್ಲದ, ತಗಡು ಬಡಿದ ಹಾಗಿನ ಹಾಡು ಕೇಳಿಸಿದರೆ ಒಂದೆರಡು ಸ್ಯಾಂಪಲ್ ಆಚೀಚೆ ಕೂತಿದೆ, ಸರಿಸಿ ಮತ್ತೆ ನೋಡಿ. ಹಾಡೇ ಇಲ್ಲ, ಬರೀ ಸರಸರ ಮತ್ತು ಗುಳುಗುಳು ಇದ್ದರೆ ಅದು ಎಂಪಿ3 ಬಿಸಾಡಿದ ಭಾಗ. ಎಲ್ಲ ಮೌನ, ಅಲ್ಲಲ್ಲಿ ಮಾತ್ರ ಚುಕ್ಕಿಯಂಥ ಟಿಕ್ ಇದ್ದರೆ ಎರಡರಲ್ಲಿ ಒಂದು ಓದು ತಪ್ಪಿದೆ. ತಪ್ಪಿದ್ದು ಯಾವುದು ಅಂತ ಲಾಗ್ ಹೇಳುತ್ತದೆ. ತಪ್ಪಿದ್ದು ಸಿಡಿ ಪ್ಲೇಯರೇ ಆಗಿರಬಹುದು.

ರಿಪ್ ಸಪ್ಪೆಯಲ್ಲ, ಚುಚ್ಚುತ್ತದೆ ಅಂದರೆ

1980ರ ದಶಕದ ಡಿಸ್ಕ್‌ಗಳಲ್ಲಿ ಇದನ್ನು ಮೊದಲು ನೋಡಬೇಕು. ಆಗಿನ ಕೆಲವು ಸಿಡಿಗಳನ್ನು ಪ್ರೀ-ಎಂಫಸಿಸ್ ಹಾಕಿ ಅಚ್ಚು ಮಾಡುತ್ತಿದ್ದರು. ಮೇಲಿನ ಸ್ವರಗಳನ್ನು ಬೇಕಂತಲೇ ಎತ್ತಿ ಬರೆಯುವುದು, ನುಡಿಸುವಾಗ ಅಷ್ಟೇ ಇಳಿಸುವುದು. ಹಾಗೆ ಇಳಿಸಿದಾಗ ಆ ಕಾಲದ ಪರಿವರ್ತಕಗಳ ಹಿಸ್ ಕೂಡ ಇಳಿಯುತ್ತಿತ್ತು. ಎತ್ತುವ ಪ್ರಮಾಣ ಸಣ್ಣದಲ್ಲ, ತುದಿಯಲ್ಲಿ 9 ಡೆಸಿಬಲ್ ದಾಟುತ್ತದೆ. ಸಿಡಿ ಪ್ಲೇಯರ್ ಡಿಸ್ಕ್‌ನಲ್ಲಿರುವ ಒಂದು ಗುರುತು ನೋಡಿ ತಾನೇ ಇಳಿಸುತ್ತದೆ. ರಿಪ್ ಆದಾಗ ಬಿಟ್‌ಗಳು ಹಾಗೇ ಬರುತ್ತವೆ, ಗುರುತು ಹಿಂದೆ ಉಳಿಯುತ್ತದೆ. ಫೈಲ್ ಬಿಟ್ ಬಿಟ್ಟಿಗೂ ಸರಿ, ಆಕ್ಯುರೇಟ್‌ರಿಪ್ ಹೊಂದುತ್ತದೆ, ಆದರೂ ಗಾಯಕರ ಸಕಾರ ಕಿವಿಗೆ ಸೂಜಿ. "ಬಿಟ್ ಅಂದರೆ ಬಿಟ್" ಅನ್ನುವವರು ಉತ್ತರ ಕೊಡಲಾಗದೆ ನಿಲ್ಲುವ ಜಾಗ ಇದು. ದೂರು ಕೊಟ್ಟವರು ಹೇಳಿದ್ದು ನೂರಕ್ಕೆ ನೂರು ನಿಜವಾಗಿರುತ್ತದೆ.

ಲಾಗ್‌ನಲ್ಲಿ ಪ್ರೀ-ಎಂಫಸಿಸ್ ಅಂತ ನಮೂದಾಗಿದೆಯೇ ನೋಡಿ. ಕೆಲವು ಡಿಸ್ಕ್‌ಗಳಲ್ಲಿ ಈ ಗುರುತು ಟ್ರ್ಯಾಕ್ ಪಟ್ಟಿಯಲ್ಲಿ ಇರುವುದಿಲ್ಲ, ಹಾಡಿನ ಜೊತೆ ಓಡುವ ಸಬ್‌ಕೋಡ್‌ನಲ್ಲಿ ಮಾತ್ರ ಇರುತ್ತದೆ. ಅದನ್ನೂ ಓದುವ ಪ್ರೋಗ್ರಾಂ ಬೇಕಾಗುತ್ತದೆ. ಗುರುತು ಸಿಕ್ಕಿದರೆ ಮದ್ದು ಸುಲಭ. ಸಾಕ್ಸ್ ಎಂಬ ಉಚಿತ ಪ್ರೋಗ್ರಾಂನ ಡೀಎಂಫ್ ಎಫೆಕ್ಟ್ ಹಾಕಿ, 24 ಬಿಟ್ ಫೈಲಾಗಿ ಉಳಿಸಿಕೊಳ್ಳಿ. ಮೂಲ ರಿಪ್ ಅಳಿಸಬೇಡಿ.

ಇದಕ್ಕೆ ಹತ್ತಿರದ ಇನ್ನೊಂದು, ಎಚ್‌ಡಿಸಿಡಿ: ಸಿಡಿಯ ಬಿಟ್‌ಗಳಲ್ಲೇ ಹೆಚ್ಚಿನ ಮಾಹಿತಿ ಅಡಗಿಸುವ ವಿಧಾನ. 1990ರ ದಶಕದಲ್ಲಿ ಬಂದದ್ದು. ಅದನ್ನು ಬಿಡಿಸಬಲ್ಲ ಪ್ಲೇಯರ್‌ನಲ್ಲಿ ಶಿಖರಗಳು 6 ಡೆಸಿಬಲ್‌ವರೆಗೂ ಮೇಲೇಳಬಹುದು. ಬಿಡಿಸದ ರಿಪ್‌ನಲ್ಲಿ ಅವು ಅದುಮಿದ ಹಾಗೇ ಇರುತ್ತವೆ. ಫೂಬಾರ್2000 ಎಂಬ ಪ್ಲೇಯರ್ ಸಾಫ್ಟ್‌ವೇರ್‌ಗೆ ಇದನ್ನು ಬಿಡಿಸುವ ಜೋಡಣೆ ಸಿಗುತ್ತದೆ.

ಫೈಲ್ ಸರಿ ಇದೆ, ನುಡಿಸುವುದು ಕೆಟ್ಟಿದೆ

ಬಹಳ ದೂರುಗಳು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಹಾಡು ಬೇಗ ಓಡುತ್ತಿದೆ, ದನಿ ಏರಿದೆ ಅನ್ನಿಸಿದರೆ 44.1ರ ಫೈಲನ್ನು ಯಾವುದೋ ಸಾಧನ 48 ಅಂದುಕೊಂಡು ನುಡಿಸುತ್ತಿದೆ. 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಅರ್ಧಸ್ವರ ಮೇಲಿರುತ್ತದೆ. ಇದು ಅಪರೂಪ, ಸಿಕ್ಕರೆ ಗುರುತಿಸುವುದು ಸುಲಭ.

ಮಾಮೂಲಿಯಾದದ್ದು, ವಿಂಡೋಸ್ ಅಥವಾ ಆಂಡ್ರಾಯ್ಡ್ ತಾನೇ 44.1ನ್ನು 48ಕ್ಕೆ ಬದಲಿಸುವುದು. ಈ ಬದಲಾವಣೆಯೇ ಸದ್ದು ಕೆಡಿಸುತ್ತದೆ ಅಂತ ನಾನು ಹೇಳುವುದಿಲ್ಲ, ಚೆನ್ನಾಗಿ ಮಾಡಿದರೆ ಗೊತ್ತೂ ಆಗುವುದಿಲ್ಲ. ತೊಂದರೆ ಅದರ ಜೊತೆ ಬರುವ ಬಾಲಗಳಲ್ಲಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹ್ಯಾನ್ಸ್‌ಮೆಂಟ್ ಅಂತ ಇರುತ್ತದೆ. ಲೌಡ್‌ನೆಸ್ ಈಕ್ವಲೈಸೇಶನ್, ಬೇಸ್ ಬೂಸ್ಟ್, ಸುತ್ತಲಿನ ಸದ್ದಿನ ಪರಿಣಾಮ ಎಲ್ಲ ಅಲ್ಲೇ ಕೂತಿರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇವು ಮೊದಲ ದಿನದಿಂದಲೇ ಆನ್ ಆಗಿರುತ್ತವೆ. ಎಲ್ಲ ಆಫ್ ಮಾಡಿ. ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ವಾಸಪಿ ಎಕ್ಸ್‌ಕ್ಲೂಸಿವ್ (ಡ್ಯಾಕ್‌ಗೆ ನೇರ ದಾರಿ) ಆರಿಸಿದರೆ ವಿಂಡೋಸ್‌ನ ಮಿಕ್ಸರ್ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು 44,100 ಆರಿಸಿ.

ಬಿಟ್‌ಗಳು ನಿಜವಾಗಿಯೂ ಹಾಗೇ ಹೋಗುತ್ತಿವೆಯೇ ಅಂತ ತಿಳಿಯಲು ಒಂದು ಒಳ್ಳೆಯ ಉಪಾಯ ಇದೆ. ಡಿಟಿಎಸ್ ಸಿಡಿಯ (ಸುತ್ತಲಿನ ಸದ್ದನ್ನು ಸಂಕೇತವಾಗಿ ತುಂಬಿದ ಸಿಡಿ) ರಿಪ್ ಫೈಲನ್ನು ಡಿಟಿಎಸ್ ಬಿಡಿಸುವ ರಿಸೀವರ್‌ಗೆ ಡಿಜಿಟಲ್ ಆಗಿ ಕಳಿಸಿ. ದಾರಿಯಲ್ಲಿ ಯಾರೂ ಬಿಟ್ ಮುಟ್ಟದಿದ್ದರೆ ಡಿಟಿಎಸ್ ದೀಪ ಹತ್ತಿ ಸಂಗೀತ ಬರುತ್ತದೆ. ವಾಲ್ಯೂಮ್ ಅಥವಾ ಸ್ಯಾಂಪಲ್ ದರ ಒಂದಿಷ್ಟು ಬದಲಾದರೂ ಬರೀ ಭೋರ್ ಅನ್ನುವ ಗದ್ದಲ. ಹಾಗಾಗಿ ಆಂಪ್ಲಿಫೈಯರ್ ವಾಲ್ಯೂಮ್ ಇಳಿಸಿಟ್ಟು ಶುರು ಮಾಡಿ.

ಬ್ಲೂಟೂತ್‌ನಲ್ಲಿ ಕೇಳುತ್ತಾ ಹೋಲಿಸುತ್ತಿದ್ದರೆ ಅಲ್ಲೇ ನಿಲ್ಲಿಸಿ. ಬ್ಲೂಟೂತ್‌ನ ಮಾಮೂಲಿ ಕುಗ್ಗಿಸುವ ವಿಧಾನವಾದ ಎಸ್‌ಬಿಸಿ ಸುಮಾರು 328 ಕಿಲೋಬಿಟ್‌ಗೆ ಇಳಿಸುತ್ತದೆ. ಅದಕ್ಕಿಂತ ಉತ್ತಮವಾದ ಎಲ್‌ಡ್ಯಾಕ್ ಕೂಡ 990ಕ್ಕೆ ನಿಲ್ಲುತ್ತದೆ. ಫೈಲ್ ಫ್ಲ್ಯಾಕ್ ಆಗಿದ್ದರೂ ಕಿವಿಗೆ ತಲುಪುವಾಗ ಅದು ಸಿಡಿಯ ಬಿಟ್‌ಗಳಲ್ಲ. ತಂತಿ ಹಾಕಿ ಹೋಲಿಸಿ.

ಕಂಪ್ಯೂಟರ್ ಜೋಡಿಸಿದಾಗ ಮಾತ್ರ ಗುಂಯ್ ಅಂತಲೋ, ಮೌಸ್ ಅಲುಗಿಸಿದಾಗ ಚಿರ್ ಅಂತಲೋ ಬಂದರೆ ಅದಕ್ಕೂ ರಿಪ್‌ಗೂ ಸಂಬಂಧವಿಲ್ಲ. ಅದು ಗ್ರೌಂಡ್ ಲೂಪ್, ಎರಡು ಸಾಧನಗಳ ಅರ್ಥಿಂಗ್ ನಡುವೆ ಹರಿಯುವ ವಿದ್ಯುತ್ತಿನ ಸದ್ದು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಖಾತ್ರಿ. ಆಪ್ಟಿಕಲ್ ಕೇಬಲ್ ಬಳಸಿದರೆ ತಾಮ್ರದ ಸಂಪರ್ಕವೇ ಕಡಿದುಹೋಗುತ್ತದೆ, ಜೊತೆಗೆ ಗುಂಯ್ ಕೂಡ.

ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಹೋಗುವಾಗ ಕಛೇರಿಯ ಮಧ್ಯೆ ಒಂದು ಎಡವಟ್ಟು ನಿಲುಗಡೆ ಬರುತ್ತಿದ್ದರೆ ಅದು ಎಂಪಿ3ಯ ಗುಣ. ಎಂಪಿ3 1,152 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ತುಂಬದ ಜಾಗಕ್ಕೆ ಮೌನ ತುಂಬುತ್ತದೆ. ಎಂಪಿ3 ಮಾಡುವ ಲೇಮ್ ಎನ್ಕೋಡರ್ ಆ ಲೆಕ್ಕವನ್ನು ಟ್ಯಾಗ್‌ನಲ್ಲಿ ಬರೆದಿಟ್ಟಿರುತ್ತದೆ, ಅದನ್ನು ಓದುವ ಪ್ಲೇಯರ್ ಬೇಕು. ಫ್ಲ್ಯಾಕ್‌ನಲ್ಲಿ ಈ ಸಮಸ್ಯೆ ಇಲ್ಲ.

ಎಲ್ಲ ಸರಿ ಬಂದರೂ ವ್ಯತ್ಯಾಸ ಕೇಳಿಸಿದರೆ

ಫೂಬಾರ್2000ಕ್ಕೆ ಎಬಿಎಕ್ಸ್ ಹೋಲಿಕೆಯ ಜೋಡಣೆ ಸಿಗುತ್ತದೆ. ಡಿಜಿಟಲ್ ಔಟ್‌ನಿಂದ ಮಾಡಿದ ರೆಕಾರ್ಡಿಂಗ್ ಮತ್ತು ರಿಪ್ ಎರಡನ್ನೂ ಕೊಡಿ. ಯಾವುದು ಓಡುತ್ತಿದೆ ಅಂತ ಅದು ಹೇಳುವುದಿಲ್ಲ, ನೀವು ಕಿವಿಯಿಂದ ಹೇಳಬೇಕು. 16 ಸುತ್ತು ಮಾಡಿ. ಸುಮ್ನೆ ಊಹಿಸಿದರೆ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುವ ಸಾಧ್ಯತೆ ಸುಮಾರು 4%. ಹಾಗಾಗಿ 12 ಅಥವಾ ಹೆಚ್ಚು ಸರಿ ಬಂದರೆ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡು ಮತ್ತೆ ಮೊದಲಿನಿಂದ ಹುಡುಕಬೇಕು. ದಣಿದಾಗ ಮಾಡಬೇಡಿ, ಪೂರ್ತಿ ಹಾಡು ಬಿಟ್ಟು ಹತ್ತು ಸೆಕೆಂಡಿನ ತುಣುಕು ಆರಿಸಿ.

ಡಿಸ್ಕ್ ಓದಲಾಗದಷ್ಟು ಹಾಳಾಗಿದ್ದರೆ

ಬಟ್ಟೆಯಲ್ಲಿ ಒರೆಸುವಾಗ ಮಧ್ಯದಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತಿ ಒರೆಸಬೇಡಿ. ಸುತ್ತು ಗೀರು ಒಂದೇ ಹಾದಿಯನ್ನು ಉದ್ದಕ್ಕೂ ಹಾಳು ಮಾಡುತ್ತದೆ, ಅಡ್ಡ ಗೀರನ್ನು ತಿದ್ದುಪಡಿ ದಾಟಿಬಿಡುತ್ತದೆ. ಕೆಳಗಿನ ಹೊಳೆಯುವ ಮೈಗಿಂತ ಲೇಬಲ್ ಇರುವ ಮೈ ನಾಜೂಕು. 1.2 ಮಿಲಿಮೀಟರ್ ಪ್ಲಾಸ್ಟಿಕ್ ಪೂರ್ತಿ ಕೆಳಗಿದೆ, ಮಾಹಿತಿಯ ಪದರ ಲೇಬಲ್‌ಗೆ ಅಂಟಿದ ಹಾಗೆ ಮೇಲಿದೆ. ಡಿಸ್ಕನ್ನು ದೀಪಕ್ಕೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಆ ಜಾಗದ ಮಾಹಿತಿ ಹೋಗಿದೆ, ಪಾಲಿಶ್ ಮಾಡಿ ಪ್ರಯೋಜನವಿಲ್ಲ.

ಆಮೇಲೆ ಡ್ರೈವ್‌ನ ವೇಗ ಇಳಿಸಿ ರಿಪ್ ಮಾಡಿ. ಆಗದಿದ್ದರೆ ಬೇರೆ ಡ್ರೈವ್ ಹಿಡಿಯಿರಿ. ಒಂದು ಡ್ರೈವ್ ಎಡವಿದ ಜಾಗವನ್ನು ಇನ್ನೊಂದು ಸಲೀಸಾಗಿ ಓದುವುದು ಇದೆ. ಅದೂ ಆಗದಿದ್ದರೆ ಕ್ಯೂಟೂಲ್ಸ್ ಎಂಬ ಪ್ರೋಗ್ರಾಂ ಪ್ರಯತ್ನಿಸಿ. ಅದರ ಡೇಟಾಬೇಸ್‌ನಲ್ಲಿ ಹಲವು ಸಿಡಿಗಳಿಗೆ ಚೆಕ್‌ಸಮ್ (ತಾಳೆ ಸಂಖ್ಯೆ) ಜೊತೆಗೆ ದುರಸ್ತಿಗೆ ಬೇಕಾದ ಮಾಹಿತಿಯೂ ಇರುತ್ತದೆ. ಆಲ್ಬಂ ಪೂರ್ತಿ ರಿಪ್ ಆಗಿದ್ದು ತಪ್ಪು ಕೆಲವೇ ಕಡೆ ಇದ್ದರೆ ಆ ಸ್ಯಾಂಪಲ್‌ಗಳನ್ನು ಲೆಕ್ಕ ಹಾಕಿ ಸರಿ ಮಾಡುತ್ತದೆ. ದುರಸ್ತಿ ಆದ ಫೈಲನ್ನು ಮತ್ತೆ ಆಕ್ಯುರೇಟ್‌ರಿಪ್ ಜೊತೆ ಹೋಲಿಸಿ. ಹೊಂದಿದರೆ ಆ ಗೀರು ಬಿದ್ದ ಡಿಸ್ಕ್ ಪ್ಲೇಯರ್‌ನಲ್ಲಿ ಕೊಡುವುದಕ್ಕಿಂತ ಸರಿಯಾದ ಪ್ರತಿ ಈಗ ಫೈಲ್‌ನಲ್ಲಿದೆ.